ಕೂಳೆ ಚುಚ್ಚಿದ ಕಾಲಿಗೆ ಶುಗರ್ ಕೋಡ್ ಬಿದ್ರೆ ಕ್ಲೇಮು ಏನಾಗುತ್ತೆ?

ಪ್ರಶ್ನೆ: ಸರ್, ನಾವು ಮದ್ದೂರು ಕಡೆಯವರು. ನಮ್ಮಪ್ಪನಿಗೆ 58 ವರ್ಷ, ಆರು ವರ್ಷದಿಂದ ಶುಗರ್ ಇದೆ, ಪಾಲಿಸಿ ಮಾಡಿಸುವಾಗ ಅದನ್ನ ಹೇಳಿಯೇ ಮಾಡಿಸಿದ್ವಿ. 3 ಲಕ್ಷದ ಪಾಲಿಸಿ, ಎರಡು ವರ್ಷ ಆಗಿದೆ. ಕಬ್ಬಿನ ಗದ್ದೇಲಿ ಬರಿಗಾಲಲ್ಲಿ ಓಡಾಡುವಾಗ ಕೂಳೆ ಚುಚ್ಚಿ, ಕಾಲು ಊದ್ಕೊಂಡು ಕೀವಾಗಿ, ಮೈಸೂರಲ್ಲಿ ಒಂದು ಪ್ರೈವೇಟ್ ಆಸ್ಪತ್ರೇಲಿ 7 ದಿನ ಇಟ್ಕೊಂಡು ಆಪರೇಷನ್ ಮಾಡಿ ಕೀವು ತೆಗೆದ್ರು. ರೂಮು ದಿನಕ್ಕೆ 4,500, ಒಟ್ಟು ಬಿಲ್ಲು 1,58,000. ಕ್ಯಾಶ್‌ಲೆಸ್ ರಿಜೆಕ್ಟ್ ಆಯ್ತು, ಸಾಲ ಮಾಡಿ ಕಟ್ಟಿ ಬಂದ್ವಿ. ಡಿಸ್ಚಾರ್ಜ್ ಆಗಿ 9 ದಿನ ಆಯ್ತು. ಕೇಳಿದ್ರೆ "ಆಸ್ಪತ್ರೆಯವರು ಇ11.5 ಅಂತ ಕೋಡ್ ಹಾಕಿದ್ದಾರೆ, ಅದು ಶುಗರ್ ಕೋಡು, ಮೂರು ವರ್ಷ ಆಗೋವರೆಗೆ ಬರಲ್ಲ" ಅಂತಾರೆ. ಈ ಕೋಡ್ ಏನು, ಅದನ್ನ ಬದಲಾಯಿಸ್ಕೊಡಿ ಅಂತ ಆಸ್ಪತ್ರೆಯವರನ್ನ ಕೇಳಿದ್ರೆ ದುಡ್ಡು ಬರುತ್ತಾ?

ಉತ್ತರ: ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ, ಕ್ಯಾಶ್‌ಲೆಸ್ ಕೊಡಲ್ಲ ಅಂದಿದ್ದಕ್ಕೆ ಕ್ಲೇಮೇ ಮುಗೀತು ಅಂತ ಅರ್ಥ ಇಲ್ಲ. ನಿಮ್ಮಪ್ಪ ಬೆಡ್ ಮೇಲಿರುವಾಗ ಆಸ್ಪತ್ರೆಯವರು ಕಳಿಸಿದ ಎರಡು ಪುಟ ನೋಡಿ ಅವರು ಕ್ಯಾಶ್‌ಲೆಸ್ ಕೊಡಲ್ಲ ಅಂದಿದ್ದು ಅಷ್ಟೆ. ಈಗ ಪೂರ್ತಿ ಕಾಗದ ಇಟ್ಟು ರೀಇಂಬರ್ಸ್‌ಮೆಂಟ್, ಅಂದ್ರೆ ಕಟ್ಟಿದ ದುಡ್ಡು ವಾಪಸ್ ಕೊಡಿ ಅನ್ನೋ ಅರ್ಜಿ, ಹಾಕೋ ಹಕ್ಕು ನಿಮಗೆ ಹಾಗೇ ಇದೆ. ನಾನು ಮೈಸೂರಲ್ಲಿ ಒಂಬತ್ತು ವರ್ಷ ಆಸ್ಪತ್ರೆ ಇನ್ಶೂರೆನ್ಸ್ ಡೆಸ್ಕಲ್ಲಿ ಕೂತಿದ್ದೆ, ಆಮೇಲೆ ಐದು ವರ್ಷ ಟಿಪಿಎ (ಕಂಪನಿ ಪರವಾಗಿ ಕ್ಲೇಮು ನೋಡೋ ಸಂಸ್ಥೆ) ಕಡೆ ಸೇರ್ಕೊಂಡು ಇದೇ ಕ್ಲೇಮುಗಳನ್ನ ಆ ಕಡೆಯಿಂದ ನೋಡಿದ್ದೀನಿ, ಕ್ಯಾಶ್‌ಲೆಸ್ ಇಲ್ಲ ಅಂದ ತಕ್ಷಣ ಕಾಗದ ಎಲ್ಲಾ ಬೀರುಗೆ ಹಾಕಿ ಸುಮ್ಮನಾಗಿಬಿಡೋರು ಎಷ್ಟು ಜನ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ನೀವು ಕೇಳಿದ್ರಲ್ಲ, ಅದೇ ದೊಡ್ಡ ಕೆಲಸ.

ಈಗ ಕೋಡ್ ವಿಷ್ಯ. ಅದು ಐಸಿಡಿ-10, ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿರೋ ಕಾಯಿಲೆಗಳ ಪಟ್ಟಿ, ಒಂದೊಂದು ಕಾಯಿಲೆಗೂ ಒಂದು ಅಕ್ಷರ ಎರಡು ಮೂರು ಅಂಕಿ. ಹತ್ತನೇ ಆವೃತ್ತಿಗೆ 1990ರಲ್ಲೇ ಒಪ್ಪಿಗೆ ಸಿಕ್ಕಿದ್ದು, 2022ರ ಜನವರಿಯಿಂದ ಹನ್ನೊಂದನೇದು ಜಾರಿಗೆ ಬಂದಿದ್ರೂ ನಮ್ಮ ಕ್ಲೇಮ್ ಫಾರ್ಮಲ್ಲಿ ಕೇಳ್ತಿರೋದು ಹತ್ತನ್ನೇ. ಯಾವ ಊರಲ್ಲಿ ಯಾವ ಕಾಯಿಲೆ ಎಷ್ಟು ಜನಕ್ಕೆ ಬಂತು, ಎಷ್ಟು ಜನ ಹೋದ್ರು ಅಂತ ಲೆಕ್ಕ ಇಡೋಕೆ ಹುಟ್ಟಿದ ಪಟ್ಟಿ ಇದು, ದುಡ್ಡು ಕೊಡೋದು ಬಿಡೋದಕ್ಕೆ ಅಂತ ಹುಟ್ಟಿದ್ದಲ್ಲ. ಆದ್ರೆ ಕ್ಲೇಮ್ ಫಾರ್ಮಲ್ಲಿ ಎರಡು ಭಾಗ ಇದ್ಯಲ್ಲ, ಪಾರ್ಟ್ ಎ ನೀವು ತುಂಬೋದು, ಪಾರ್ಟ್ ಬಿ ಆಸ್ಪತ್ರೆಯವರು ತುಂಬೋದು, ಆ ಪಾರ್ಟ್ ಬಿಯಲ್ಲಿ ಮುಖ್ಯ ಕಾಯಿಲೆ, ಜೊತೆ ಕಾಯಿಲೆ, ಮೊದಲಿಂದ ಇದ್ದ ಕಾಯಿಲೆ ಅಂತ ಬೇರೆಬೇರೆ ಖಾನೆಗಳಿವೆ, ಯಾವ ಕೋಡು ಯಾವ ಖಾನೇಲಿ ಕೂರುತ್ತೆ ಅನ್ನೋದರ ಮೇಲೆ ಕಂಪನಿ ಕಡೆ ಕೂತಿರೋ ಡಾಕ್ಟರು ಯಾವ ದಾರಿ ಹಿಡೀತಾರೆ ಅನ್ನೋದು ಮುಕ್ಕಾಲು ಭಾಗ ತೀರ್ಮಾನ ಆಗಿಹೋಗುತ್ತೆ.

ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಅಮೆರಿಕದ ವಿಷ್ಯ ಬರುತ್ತೆ, ಅದನ್ನ ನಮಗೆ ಹೊಂದಿಸೋಕೆ ಹೋಗ್ಬೇಡಿ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ 1983ರಿಂದ ಡಿಆರ್‌ಜಿ ಅಂತ ಪದ್ಧತಿ, ಕೋಡುಗಳನ್ನೆಲ್ಲ ಗುಂಪು ಮಾಡಿ ಈ ಗುಂಪಿಗೆ ಇಷ್ಟು ಡಾಲರ್ ಅಂತ ಆಸ್ಪತ್ರೆಗೆ ಕೊಡ್ತಾರೆ, ಅಂದ್ರೆ ಕೋಡೇ ರೇಟು. ನಮ್ಮ ಪ್ರೈವೇಟ್ ಪಾಲಿಸಿಗಳಲ್ಲಿ ರೇಟು ಬರೋದು ಆಸ್ಪತ್ರೆಗೂ ಕಂಪನಿಗೂ ಆಗಿರೋ ಟ್ಯಾರಿಫ್‌ನಿಂದ, ಇಲ್ಲಾಂದ್ರೆ ನಿಮ್ಮ ಬಿಲ್ಲಿಂದ. ಇಲ್ಲಿ ಕೋಡು ಗೇಟು ಇದ್ದ ಹಾಗೆ: ಇದು ವೇಟಿಂಗ್ ಪೀರಿಯಡ್ (ದುಡ್ಡು ಕೊಡೋಕೆ ಮುಂಚಿನ ಕಾಯುವ ಅವಧಿ) ಒಳಗಿನ ಕಾಯಿಲೆಯಾ, ಇದಕ್ಕೆ ಸಬ್‌ಲಿಮಿಟ್ (ಇಷ್ಟೇ ಕೊಡ್ತೀವಿ ಅನ್ನೋ ಮಿತಿ) ಇದ್ಯಾ, ಅಡ್ಮಿಟ್ ಆಗೋ ಅಷ್ಟಿತ್ತಾ, ಇಷ್ಟು ದಿನ ಬೇಕಿತ್ತಾ ಅಂತ. ನಿಮ್ಮಪ್ಪನ ಕೇಸು ನಿಂತಿರೋದು ಮೊದಲನೇ ಗೇಟಲ್ಲಿ.

ಇ11 ಅಂದ್ರೆ ಟೈಪ್ 2 ಶುಗರ್. ಪಾಯಿಂಟ್ ಆದ್ಮೇಲೆ ಬರೋ ಅಂಕಿ ಆ ಶುಗರಿನಿಂದ ಏನಾಗಿದೆ ಅಂತ ಹೇಳುತ್ತೆ. ಇ11.9 ಅಂದ್ರೆ ಶುಗರ್ ಇದೆ ಆದ್ರೆ ತೊಡಕಿಲ್ಲ. ಇ11.5 ಅಂದ್ರೆ ಶುಗರಿಂದ ರಕ್ತನಾಳ ಕೆಟ್ಟು ಕೈಕಾಲಿಗೆ ರಕ್ತ ಸರಿಯಾಗಿ ಹೋಗದೆ ಆಗೋ ಹುಣ್ಣು, ಗ್ಯಾಂಗ್ರೀನು ಇಂಥದ್ದು. ಈಗ ನಿಮ್ಮ ಪಾಲಿಸಿ ಪುಸ್ತಕ ತೆಗೆದು ಎಕ್ಸ್‌ಕ್ಲೂಷನ್ (ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ) ಕೋಡ್ 01 ಓದಿ, ಎಲ್ಲಾ ಕಂಪನೀಲೂ ಒಂದೇ ಥರ ಇರ್ಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಮಾಡಿರೋ ವಾಕ್ಯ ಅದು. ಮೊದಲೇ ಇದ್ದ ಕಾಯಿಲೆ ಮತ್ತೆ ಅದರ 'ನೇರ ತೊಡಕು'ಗಳಿಗೆ ಇಷ್ಟು ತಿಂಗಳ ತನಕ ಕೊಡಲ್ಲ ಅಂತಿರುತ್ತೆ. ಈ ಕಾಯುವ ಅವಧಿ ಈಗ ಹೆಚ್ಚು ಅಂದ್ರೆ 36 ತಿಂಗಳು, ಮುಂಚೆ 48 ಇತ್ತು. ಆ ವಾಕ್ಯದಲ್ಲಿ 'ನೇರ' ಅನ್ನೋ ಒಂದು ಪದ ಇದ್ಯಲ್ಲ, ನಿಮ್ಮ ಇಡೀ 1,58,000 ನೇತಾಡ್ತಿರೋದು ಅದರ ಮೇಲೆ. ಶುಗರ್ ಇರೋ ಮನುಷ್ಯನಿಗೆ ಆದ ಎಲ್ಲಾ ಗಾಯನೂ ಶುಗರಿನ ನೇರ ತೊಡಕು ಆಗಲ್ಲ. ಕೂಳೆ ನಿಮ್ಮ ಕಾಲಿಗೆ ಚುಚ್ಚಿದ್ರೂ ಗಾಯ ಆಗ್ತಿತ್ತು, ಕೆಸರು ಗೊಬ್ಬರದ ಗದ್ದೇಲಿ ನಿಂತ್ರೆ ಯಾರಿಗಾದ್ರೂ ಕೀವಾಗಬಹುದು.

ಹಾಗಾದ್ರೆ ಇ11.5 ಯಾಕೆ ಬಂತು? ನೂರಾರು ಕೇಸಲ್ಲಿ ನೋಡಿದ್ದನ್ನ ಹೇಳ್ತೀನಿ. ಸರ್ಜರಿ ವಾರ್ಡಲ್ಲಿ ಶುಗರ್ ಇರೋರು ಕಾಲು ಗಾಯ ಅಂತ ಬಂದ್ರೆ ಬಾಯಿಮಾತಲ್ಲೇ 'ಡಯಾಬಿಟಿಕ್ ಫುಟ್' ಅಂದುಬಿಡ್ತಾರೆ, ಟ್ರೀಟ್‌ಮೆಂಟ್ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ, ಆ ಕಾಲನ್ನ ಜಾಸ್ತಿ ಹುಷಾರಾಗಿ ನೋಡ್ಬೇಕು ಅಂತ ನರ್ಸಿಗೂ ಜೂನಿಯರಿಗೂ ಒಂದೇ ಪದದಲ್ಲಿ ಗೊತ್ತಾಗುತ್ತೆ. ಅದೇ ಪದ ಡಿಸ್ಚಾರ್ಜ್ ಸಮರಿಗೆ ಬರುತ್ತೆ. ಸಮರಿಯ ಡಯಾಗ್ನೋಸಿಸ್ ಸಾಲನ್ನ ಎಂಆರ್‌ಡಿಯಲ್ಲೋ (ಆಸ್ಪತ್ರೆಯ ದಾಖಲೆ ವಿಭಾಗ) ಇನ್ಶೂರೆನ್ಸ್ ಡೆಸ್ಕಲ್ಲೋ ಇರೋ ಹುಡುಗ ಓದಿ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತಾನೆ, ಮೇಲಿಂದ ಬಂದ ಮೊದಲನೇ ಕೋಡು ಆರಿಸ್ತಾನೆ, ಅವನು ಕಾಲು ನೋಡಿರಲ್ಲ, ಕೇಸ್ ಶೀಟ್ ತಿರುವಿರಲ್ಲ, ಅವತ್ತು ಅವನ ಟೇಬಲ್ ಮೇಲೆ ಇನ್ನೂ ಮೂವತ್ತು ಫೈಲಿರುತ್ತೆ. ನಾನೂ ಆ ಟೇಬಲಲ್ಲೇ ಕೂತಿದ್ದವನು, ಅವನನ್ನ ಬೈಯೋಕೆ ಮನಸ್ಸು ಬರಲ್ಲ, ಆದ್ರೆ ಅವನು ಒತ್ತಿದ ಒಂದು ಕೀ ಒಂದು ಮನೆಯ ಎರಡು ವರ್ಷದ ಸಾಲ ಆಗುತ್ತೆ ಅನ್ನೋದನ್ನ ಅವನಿಗೆ ಯಾರೂ ಹೇಳಿರಲ್ಲ.

ನಿಮ್ಮಪ್ಪನಿಗೆ ಆಗಿದ್ದು ನೀವು ಹೇಳಿದ ಹಾಗೇ ಇದ್ರೆ ಕೋಡುಗಳು ಬೇರೆ ಥರ ಇರ್ಬೇಕಿತ್ತು: ಪಾದದ ತೆರೆದ ಗಾಯಕ್ಕೆ ಎಸ್91.3, ಅದರಿಂದ ಕಾಲಿಗೆ ಹರಡಿದ ಸೆಲ್ಯುಲೈಟಿಸ್‌ಗೆ (ಚರ್ಮದಡಿಯ ಸೋಂಕು) ಎಲ್03.1, ಮೊದಲಿಂದ ಇದ್ದ ಕಾಯಿಲೆ ಖಾನೇಲಿ ಇ11.9. ಶುಗರನ್ನ ಮುಚ್ಚಿಟ್ಟ ಹಾಗಾಗಲ್ಲ, ಅದು ಇರ್ಬೇಕಾದ ಜಾಗದಲ್ಲಿ ಇರುತ್ತೆ ಅಷ್ಟೆ. ಪಾರ್ಟ್ ಬಿಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಗಾಯದಿಂದ ಅಡ್ಮಿಟ್ ಆಗಿದ್ದಾ, ಹೌದಾದ್ರೆ ಕಾರಣ ಏನು ಅಂತ. ಹೊಲಗದ್ದೆ ಗಾಯಗಳಲ್ಲಿ ಪೊಲೀಸ್ ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸೋ ಕೇಸು) ಏನೂ ಆಗಿರಲ್ಲ ನೋಡಿ, ಅದಕ್ಕೇ ಅಲ್ಲಿ 'ಇಲ್ಲ' ಅಂತ ಟಿಕ್ ಮಾಡಿಬಿಡ್ತಾರೆ. ನಿಮ್ಮ ಕಾಪಿ ತೆಗೆದು ಅಲ್ಲೇನಿದೆ ನೋಡಿ.

ಈಗ ನೀವು ಕೇಳಿದ ಪ್ರಶ್ನೆ, ಕೋಡ್ ಬದಲಾಯಿಸ್ಕೊಡಿ ಅಂತ ಕೇಳ್ಬಹುದಾ. ಹಾಗೆ ಕೇಳ್ಬೇಡಿ. ಕೋಡು ಅನ್ನೋದು ಡಾಕ್ಟರು ಬರೆದಿದ್ದರ ನೆರಳು, ನೆರಳನ್ನ ತಿದ್ದೋಕೆ ಹೋದ್ರೆ ಕಂಪನಿಯವರು ಕೇಸ್ ಶೀಟ್ ತರಿಸ್ಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ, ಒಳಗಡೆ ಡಯಾಬಿಟಿಕ್ ಫುಟ್ ಅಂತಿದ್ದು ಮೇಲೆ ಎಲ್03.1 ಇದ್ರೆ ಅವತ್ತೇ ಅನುಮಾನ ಶುರು, ಸುಳ್ಳು ದಾಖಲೆ ಅಂತಾದ್ರೆ ಈ ಕ್ಲೇಮು ಮಾತ್ರ ಅಲ್ಲ ಪಾಲಿಸಿಯೇ ಹೋಗ್ಬಹುದು. ನೀವು ಹೋಗ್ಬೇಕಾಗಿರೋದು ಆಪರೇಷನ್ ಮಾಡಿದ ಸರ್ಜನ್ ಹತ್ರ. ಅವರಿಗೆ "ಸಾರ್, ಗಾಯ ಹೇಗಾಯ್ತು, ಕಾಲಿನ ರಕ್ತ ಓಡಾಟ ಹೇಗಿತ್ತು, ಹಳೇ ಹುಣ್ಣು ಇತ್ತಾ, ನೀವು ಕಂಡಿದ್ದನ್ನ ಲೆಟರ್‌ಹೆಡ್ ಮೇಲೆ ಬರ್ಕೊಡಿ" ಅಂತ ಕೇಳಿ. ರಕ್ತ ಓಡಾಟ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ರಾ? ಪಾದದ ನಾಡಿ ಸಿಗ್ತಿತ್ತು ಅಂತ ಕೇಸ್ ಶೀಟಲ್ಲಿ ಇದ್ಯಾ? ಸ್ಪರ್ಶ ಗೊತ್ತಾಗ್ತಿತ್ತಾ? ಒಳಗಿಂದ ಕೂಳೆ ಚೂರು ತೆಗೆದಿದ್ರೆ ಅದು ಆಪರೇಷನ್ ನೋಟ್ಸಲ್ಲಿ ಇರ್ಬೇಕು, ಇದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇವೆಲ್ಲ ನಿಮ್ಮ ಕಡೆ ಇದ್ರೆ ಡಾಕ್ಟರು ಡಯಾಗ್ನೋಸಿಸ್ ಸಾಲು ಸರಿ ಮಾಡಿ, ತಾರೀಖು ಹಾಕಿ ಸೀಲು ಸಹಿಯೊಂದಿಗೆ ತಿದ್ದುಪಡಿ ಸಮರಿ ಕೊಡ್ತಾರೆ, ಆಗ ಎಂಆರ್‌ಡಿಯವರು ಕೋಡನ್ನ ತಾವಾಗೇ ಬದಲಾಯಿಸಿ ಹೊಸ ಪಾರ್ಟ್ ಬಿ ಕೊಡ್ತಾರೆ. ಹಳೇ ಕಾಗದದ ಮೇಲೇ ವೈಟ್ನರ್ ಹಚ್ಚಿ ತಿದ್ದಿ ಕೊಟ್ರೆ ಮಾತ್ರ ತಗೋಬೇಡಿ.

ಒಂದು ಮಾತು ಕಷ್ಟ ಆದ್ರೂ ಹೇಳ್ತೀನಿ. ಡಾಪ್ಲರಲ್ಲಿ ರಕ್ತನಾಳ ಕಟ್ಟಿದೆ ಅಂತಿದ್ರೆ, ಪಾದ ಮೊದಲಿಂದಲೇ ಜೋಮು ಹಿಡಿದು ಕೂಳೆ ಚುಚ್ಚಿದ್ದೂ ಗೊತ್ತಾಗಿಲ್ಲ ಅಂತಿದ್ರೆ, ಶುಗರಿಗೂ ಗಾಯಕ್ಕೂ ಇರೋ ಸಂಬಂಧ ಗಟ್ಟಿಯಾಗುತ್ತೆ, ಆಗ ಕಂಪನಿಯವರ ಮಾತಲ್ಲೂ ಸತ್ಯ ಇದೆ ಅಂತ ಒಪ್ಕೋಬೇಕಾಗುತ್ತೆ. ಅದಕ್ಕೇ ಮೊದಲು ಕೇಸ್ ಶೀಟ್ ಕಾಪಿ ತಗೊಂಡು ಓದಿ, ಆಮೇಲೆ ಜಗಳ.

ಕೇಸ್ ಶೀಟ್ ಅಂದ ತಕ್ಷಣ ಮೊದಲನೇ ಪುಟ ನೋಡಿ, ಅಡ್ಮಿಟ್ ಆದ ರಾತ್ರಿ ಡ್ಯೂಟಿ ಡಾಕ್ಟರು ಬರ್ಕೊಂಡಿದ್ದು. ಕ್ಲೇಮುಗಳು ಸಾಯೋದು ಹೆಚ್ಚಾಗಿ ಆ ಪುಟದಲ್ಲೇ. ಗಾಬರೀಲಿ ಬಂದಿರ್ತೀವಿ, ಡಾಕ್ಟರು "ಶುಗರ್ ಎಷ್ಟು ವರ್ಷದಿಂದ" ಅಂತಾರೆ, ಪಕ್ಕದಲ್ಲಿ ನಿಂತಿರೋ ಚಿಕ್ಕಪ್ಪನೋ ಮಾವನೋ "ಅಯ್ಯೋ ಭಾಳ ವರ್ಷ ಆಯ್ತು ಡಾಕ್ಟ್ರೇ, ಹತ್ತು ಹದಿನೈದು ವರ್ಷ ಇರ್ಬೇಕು" ಅಂದುಬಿಡ್ತಾರೆ, ಅವರು ಹದಿನೈದು ಅಂತ ಬರ್ಕೋತಾರೆ. ಪಾಲಿಸಿ ಫಾರ್ಮಲ್ಲಿ ನೀವು ನಾಲ್ಕು ವರ್ಷ ಅಂತ ಬರೆದಿರ್ತೀರ, ಅವತ್ತಿಗೆ ಅದೇ ಸತ್ಯ. ಈಗ ಎರಡು ಕಾಗದ ಎರಡು ಮಾತು ಹೇಳ್ತಿವೆ, ಕಂಪನಿಯವರು ಮುಚ್ಚಿಟ್ಟಿದ್ದೀರ ಅಂತಾರೆ. ನನ್ನ ಡೆಸ್ಕಿಗೆ ಹೀಗೇ ಒಬ್ಬರು ತಾಯಿ ಬಂದಿದ್ರು, ಶ್ರೀರಂಗಪಟ್ಟಣ ಕಡೆಯವರು, ಗಂಡನಿಗೆ ಬಿಪಿ ಎರಡು ವರ್ಷ, ಫೈಲಲ್ಲಿ 'ಇಪ್ಪತ್ತು' ಅಂತ ಆಗಿತ್ತು, ಎರಡರ ಪಕ್ಕ ಒಂದು ಸೊನ್ನೆ ಹೆಂಗೆ ಬಂತೋ ಯಾರಿಗೂ ಗೊತ್ತಿಲ್ಲ. ಮೊದಲು ಬಿಪಿ ಮಾತ್ರೆ ಬರೆದುಕೊಟ್ಟ ಊರಿನ ಡಾಕ್ಟರ ಹಳೇ ಚೀಟಿಯನ್ನ ಆಯಮ್ಮ ದೇವರ ಫೋಟೋ ಹಿಂದೆ ಇಟ್ಟಿದ್ರು, ಆ ಚೀಟಿ ತಾರೀಖಿಂದಲೇ ಕ್ಲೇಮು ಪಾಸಾಯ್ತು. ನಿಮ್ಮಪ್ಪನಿಗೆ ಶುಗರ್ ಅಂತ ಮೊದಲ ಸಲ ಗೊತ್ತಾದಾಗಿನ ಲ್ಯಾಬ್ ರಿಪೋರ್ಟ್, ಚೀಟಿ ಏನಾದ್ರೂ ಇದ್ರೆ ಹುಡುಕಿಡಿ. ಐದು ವರ್ಷ ಬಿಡದೆ ಪಾಲಿಸಿ ನಡೆಸಿದವರಿಗೆ ಮುಚ್ಚಿಟ್ಟಿದ್ದೀರ ಅನ್ನೋ ಮಾತನ್ನ ಮೋಸ ಸಾಬೀತಾಗದೆ ಎತ್ತೋ ಹಾಗಿಲ್ಲ, ನೀವಿನ್ನೂ ಎರಡೇ ವರ್ಷದಲ್ಲಿದ್ದೀರ.

ಬೇರೆ ಓದುಗರಿಗೂ ಉಪಯೋಗ ಆಗ್ಲಿ ಅಂತ ಒಂದೆರಡು ಹೇಳಿಬಿಡ್ತೀನಿ. 'ಆರ್'ನಿಂದ ಶುರುವಾಗೋ ಕೋಡುಗಳು ಕಾಯಿಲೆ ಹೆಸರಲ್ಲ, ಬರೀ ಲಕ್ಷಣ. ಮಳೆಗಾಲದಲ್ಲಿ ಜ್ವರ ಅಂತ ಐದು ದಿನ ಮಲಗಿ, ಡೆಂಗಿ ಪಾಸಿಟಿವ್ ಬಂದು, ಪ್ಲೇಟ್‌ಲೆಟ್ ಇಳಿದು ಡ್ರಿಪ್ ಹಾಕಿಸ್ಕೊಂಡಿರ್ತಾರೆ, ಆದ್ರೆ ಅಡ್ಮಿಶನ್ ದಿನ ಹಾಕಿದ ಆರ್50.9, ಅಂದ್ರೆ ಕಾರಣ ಗೊತ್ತಿಲ್ಲದ ಜ್ವರ, ಕೊನೇವರೆಗೂ ಹಾಗೇ ಉಳಿದಿರುತ್ತೆ. ಎದೆನೋವು ಆರ್07.4 ಅಂತ ಬಂದು ಎಲ್ಲಾ ಟೆಸ್ಟ್ ನಾರ್ಮಲ್ ಅಂತ ಮನೆಗೆ ಕಳಿಸಿದ್ರೆ 'ಬರೀ ತಪಾಸಣೆಗೆ ಅಡ್ಮಿಟ್ ಆಗಿದ್ದೀರ' ಅಂತ ಎಕ್ಸ್‌ಕ್ಲೂಷನ್ 04 ಹಾಕ್ತಾರೆ. ಮನೆಗೆ ಹೊರಡೋ ಮುಂಚೆ ಕೊನೇ ಡಯಾಗ್ನೋಸಿಸ್ ಏನು ಅಂತ ಒಂದ್ಸಲ ಓದಿಸ್ಕೊಳ್ಳಿ, ಅಡ್ಮಿಟ್ ಆಗಲೇಬೇಕಿತ್ತು ಅನ್ನೋ ಕಾರಣವೂ ಅಲ್ಲಿರ್ಬೇಕು.

ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ್ದು ಬೇರೆ ಲೋಕ. ಅಲ್ಲಿ ಚಿಕಿತ್ಸೆಗೆ ಪ್ಯಾಕೇಜ್ ಕೋಡ್, ಆ ಕೋಡೇ ರೇಟು, ಒಂದು ರೀತೀಲಿ ಅಮೆರಿಕದ ಪದ್ಧತಿಗೆ ಹತ್ತಿರ. ಮೊದಲೇ ಇದ್ದ ಕಾಯಿಲೆ ಅನ್ನೋ ತಕರಾರೇ ಇಲ್ಲ. ನಿಮ್ಮ ಹತ್ರ ಬಿಪಿಎಲ್ ಕಾರ್ಡ್ ಇದ್ರೆ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಆದ್ರೆ ತುರ್ತು ಅಲ್ಲದೇ ಇದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಕೈಯಿಂದ ದುಡ್ಡು ಕಟ್ಟಿ ಬಂದ್ಮೇಲೆ ಅದರಲ್ಲಿ ವಾಪಸ್ ಕೇಳೋದು ಕಷ್ಟ. ಮುಂದಕ್ಕೆ ಏನಾದ್ರೂ ಅಂದ್ರೆ ಮೊದಲು ಮದ್ದೂರು ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಹೋಗಿ ಕೇಳಿ.

ಇನ್ನು ದುಡ್ಡಿನ ಲೆಕ್ಕ. ಕೋಡ್ ಗಲಾಟೆ ಮುಗಿದ್ರೂ ಪೂರ್ತಿ 1,58,000 ಬರಲ್ಲ, ಈಗಲೇ ಹೇಳಿಬಿಡೋದು ಒಳ್ಳೇದು. ಇಂಥ ಪಾಲಿಸಿಗಳಲ್ಲಿ ರೂಮಿಗೆ ದಿನಕ್ಕೆ ಪಾಲಿಸಿ ಮೊತ್ತದ 1% ಅಂತಿರೋದೇ ಜಾಸ್ತಿ, ನಿಮ್ಮದೂ ಹಾಗೇ ಇದ್ರೆ 3,000. ನೀವಿದ್ದದ್ದು 4,500ರ ರೂಮು. ಬರೀ 1,500 ಗುಣಿಸು 7 ಹೋಗುತ್ತೆ ಅಂತ ಜನ ತಿಳ್ಕೊಂಡಿರ್ತಾರೆ, ಹಾಗಲ್ಲ, ಡಾಕ್ಟರ್ ಫೀಸು, ನರ್ಸಿಂಗು, ಓಟಿ (ಆಪರೇಷನ್ ಥಿಯೇಟರ್) ಎಲ್ಲಾ ಅದೇ ಪ್ರಮಾಣದಲ್ಲಿ ಮೂರರಲ್ಲಿ ಒಂದು ಪಾಲು ಕಟ್ ಆಗುತ್ತೆ. ಉದಾಹರಣೆಗೆ ನಿಮ್ಮ ಬಿಲ್ಲು ಹೀಗಿದೆ ಅಂತಿಟ್ಕೊಳ್ಳಿ: ರೂಮು 31,500, ಡಾಕ್ಟರು ನರ್ಸಿಂಗು ಓಟಿ 48,000, ಔಷಧಿ 52,000, ಟೆಸ್ಟು 17,500, ಕಂಪನಿ ಕೊಡದೇ ಇರೋ ಪಟ್ಟಿಯ ಸಾಮಾನು ಮತ್ತೆ ಇತರೆ ಚಾರ್ಜು 9,000. ರೂಮು 21,000ಕ್ಕೆ, ಎರಡನೇದು 32,000ಕ್ಕೆ ಇಳಿಯುತ್ತೆ, ಕೊನೇದು ಸೊನ್ನೆ. ಔಷಧಿ, ಟೆಸ್ಟು ಪೂರ್ತಿ ಬರ್ಬೇಕು. ಒಟ್ಟು 1,22,500.

ಇಲ್ಲಿ ಕಣ್ಣು ಬಿಟ್ಕೊಂಡು ನೋಡಿ. ಔಷಧಿ, ಇಂಪ್ಲಾಂಟು, ಟೆಸ್ಟು ಇವುಗಳ ಮೇಲೆ ಈ ಪ್ರಮಾಣದ ಕಡಿತ ಹಾಕೋ ಹಾಗಿಲ್ಲ, ಐಸಿಯು ಚಾರ್ಜಿಗೂ ಇಲ್ಲ ಅಂತ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಆದ್ರೂ ಇಡೀ ಬಿಲ್ಲನ್ನೇ ಮೂರರಲ್ಲಿ ಎರಡು ಅಂತ ಕಡಿದ ಸೆಟಲ್‌ಮೆಂಟ್ ಶೀಟುಗಳನ್ನ ನಾನು ಕಣ್ಣಾರೆ ಕಂಡಿದ್ದೀನಿ, ಮೇಲಿನ ಲೆಕ್ಕದಲ್ಲಿ ಹಾಗೆ ಮಾಡಿದ್ರೆ ನಿಮಗೆ 23 ಸಾವಿರಕ್ಕಿಂತ ಜಾಸ್ತಿ ಲುಕ್ಸಾನು. ರೂಮು ಯಾವುದಾದ್ರೂ ಡಾಕ್ಟರ್ ಫೀಸು ಒಂದೇ ಅನ್ನೋ ಆಸ್ಪತ್ರೆ ಆಗಿದ್ರೆ ಆ ಫೀಸಿನ ಮೇಲೂ ಕಡಿತ ಇಲ್ಲ, ಹಾಗಿದ್ರೆ ಆಸ್ಪತ್ರೆಯಿಂದ ಒಂದು ಲೆಟರ್ ತಗೊಳ್ಳಿ. ಇದಕ್ಕೆಲ್ಲ ಬಿಡಿಬಿಡಿ ಬಿಲ್ಲು ಬೇಕು, 'ಪ್ಯಾಕೇಜ್ 80,000' ಅಂತ ಒಂದೇ ಸಾಲಿನ ಬಿಲ್ಲು ಇಟ್ಕೊಂಡು ವಾದ ಮಾಡೋಕಾಗಲ್ಲ.

ಈಗ ನೀವು ಮಾಡ್ಬೇಕಾಗಿರೋದು. ಕ್ಯಾಶ್‌ಲೆಸ್ ಕೊಡಲ್ಲ ಅಂದ ಪತ್ರ ಬರವಣಿಗೇಲಿ ಇರ್ಬೇಕು, ಪಾಲಿಸಿಯ ಯಾವ ನಿಯಮದ ಪ್ರಕಾರ ಅಂತ ಅದರಲ್ಲಿ ಹೇಳಿರ್ಬೇಕು, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎಂಆರ್‌ಡಿಗೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ಕಾಪಿ ಕೇಳಿ, ನಿಮ್ಮಪ್ಪನ ಸಹಿ ಇರ್ಲಿ, 72 ಗಂಟೇಲಿ ಕೊಡ್ಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ, ಅರ್ಜಿಯ ಇನ್ನೊಂದು ಕಾಪಿ ಮೇಲೆ ರಿಸೀವ್ಡ್ ಸೀಲು ಹಾಕಿಸ್ಕೊಳ್ಳಿ. ಸರ್ಜನ್ ಪತ್ರ, ತಿದ್ದುಪಡಿ ಸಮರಿ, ಹೊಸ ಪಾರ್ಟ್ ಬಿ, ಹಳೇ ಶುಗರ್ ಚೀಟಿ, ಎಲ್ಲಾ ಬಿಲ್ಲುಗಳ ಒರಿಜಿನಲ್ ಇಟ್ಟು ರೀಇಂಬರ್ಸ್‌ಮೆಂಟ್ ಹಾಕಿ, ಒಂದು ಸೆಟ್ ಜೆರಾಕ್ಸ್ ಮನೇಲಿರ್ಲಿ. ಇದಕ್ಕೆ ಗಡುವು ಪಾಲಿಸೀಲೇ ಬರೆದಿರುತ್ತೆ, ಕೆಲವದರಲ್ಲಿ ಡಿಸ್ಚಾರ್ಜ್ ಆದ 15 ದಿನ, ಕೆಲವದರಲ್ಲಿ 30, ನಿಮಗಾಗಲೇ 9 ದಿನ ಕಳೆದಿದೆ. ಡಾಕ್ಟರ ಪತ್ರ ತಡ ಆಗುತ್ತೆ ಅಂದ್ರೆ ಕಾಯ್ತಾ ಕೂರ್ಬೇಡಿ, ಇರೋದನ್ನ ಹಾಕಿ, ಉಳಿದಿದ್ದು ಬರುತ್ತೆ ಅಂತ ಕವರಿಂಗ್ ಲೆಟರ್ ಇಡಿ.

ಅದೂ ರಿಜೆಕ್ಟ್ ಆದ್ರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿ, ಐಆರ್‌ಡಿಎಐನ ದೂರು ಕೊಡೋ ವೆಬ್‌ಸೈಟ್ ಬಿಮಾ ಭರೋಸಾ ಪೋರ್ಟಲಲ್ಲೂ ಹಾಕಬಹುದು. 30 ದಿನ ಆದ್ರೂ ಉತ್ತರ ಇಲ್ಲ, ಇಲ್ಲಾ ಸರಿಯಾದ ಉತ್ತರ ಅಲ್ಲ ಅಂದ್ರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸೋ ಅಧಿಕಾರಿ) ಹತ್ರ ಹೋಗಿ, 50 ಲಕ್ಷದ ತನಕದ ಕೇಸು ತಗೋತಾರೆ, ಫೀಸಿಲ್ಲ, ವಕೀಲರು ಬೇಕಿಲ್ಲ, ಕಂಪನಿ ಕೊನೇ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹೋಗ್ಬೇಕು. ಅಲ್ಲಿ ಕೇಳೋದು ಇಷ್ಟೇ, ಶುಗರ್ ಈ ಗಾಯಕ್ಕೆ ನೇರ ಕಾರಣ ಅಂತ ಕಂಪನಿ ಯಾವ ಕಾಗದದಿಂದ ಹೇಳ್ತಿದೆ ಅಂತ. ಮಂಡ್ಯದಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ, ಆದ್ರೆ ನನ್ನ ಸಲಹೆ ಮೊದಲು ಓಂಬುಡ್ಸ್‌ಮನ್.

ಅಪ್ಪನ ಕಾಲಿಗೆ ಈಗಲೂ ಡ್ರೆಸ್ಸಿಂಗ್ ನಡೀತಿರಬೇಕಲ್ವಾ. ಡಿಸ್ಚಾರ್ಜ್ ಆದ್ಮೇಲಿನ ಖರ್ಚಿಗೂ ಬಹಳ ಪಾಲಿಸಿಗಳಲ್ಲಿ 60 ದಿನದ ತನಕ ಕೊಡ್ತಾರೆ, ಮುಖ್ಯ ಕ್ಲೇಮು ಒಪ್ಪಿದ್ರೆ ಇದೂ ಬರುತ್ತೆ. ಊರಲ್ಲಿ ಕಾಂಪೌಂಡರ್ ಹತ್ರ ಬರೀ ಕೈಯಲ್ಲಿ ದುಡ್ಡು ಕೊಟ್ಟು ಬರ್ಬೇಡಿ, ಡಾಕ್ಟರ ಚೀಟಿ, ಮೆಡಿಕಲ್ ಸ್ಟೋರ್ ಬಿಲ್ಲು, ಡ್ರೆಸ್ಸಿಂಗ್ ರಸೀದಿ ಒಂದೊಂದನ್ನೂ ಒಂದೇ ಕವರಲ್ಲಿ ಹಾಕ್ತಾ ಬನ್ನಿ, ಚೀಟಿ ಮೇಲೆ 'ಗಾಯದ ಡ್ರೆಸ್ಸಿಂಗ್' ಅಂತ ಬರೆಸ್ಕೊಳ್ಳಿ.